ಪಂಜರದ ಗಿಳಿಯೂ ಬೆಟ್ಟದ ಗಿನಿಯಿಲಿಯೂ

ಮಹಾನಗರದಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ, ಮಕ್ಕಳು ಐದಾರು ವರ್ಷದವರಾಗುತ್ತಲೇ ತಪ್ಪದೆ ಏಳುವ ಪ್ರಶ್ನೆಯೊಂದಿದೆ. ಪರೀಕ್ಷೆ ಮುಗಿದ ಮಾರನೆಯ ದಿನವೋ, ನೆರೆಮನೆಗೆ ನಾಯಿಮರಿ ಬಂದ ಸಂಜೆಯೋ ಅದು ಏಳುತ್ತದೆ: "ಅಪ್ಪ, ನಮ್ಮನೇಲೂ ಏನಾದ್ರೂ ಸಾಕೋಣ." ಎರಡು ಕೋಣೆಯ ಮನೆಯಲ್ಲಿ ನಾಯಿಗೆ ಎಡೆಯಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಲೋಕಲ್ ಗಾಡಿ ಹಿಡಿಯುವವರಾದರೆ ಅದನ್ನು ಹೊರಗೆ ಕರೆದೊಯ್ಯುವವರೂ ಇಲ್ಲ. ಹಾಗಾದರೆ ಚಿಕ್ಕದೊಂದು ಪ್ರಾಣಿ ಸಾಕು ಎಂದು ಒಪ್ಪಂದವಾಗುತ್ತದೆ. ಯಾವುದು ಎಂಬುದು ಆಮೇಲಿನ ಮಾತು. ಆ ಮಾತು ಬಗೆಹರಿಯದೆ ನಮ್ಮ ಮನೆಯಲ್ಲಿ ಎರಡು ವರ್ಷ ಕಳೆಯಿತು. ಆ ಎರಡು ವರ್ಷಗಳಲ್ಲಿ ಅಲ್ಲಿಲ್ಲಿ ಓದಿ ಕೇಳಿ ಕಲೆಹಾಕಿದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಊರಿನಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ. ಕೊಟ್ಟಿಗೆಯಲ್ಲಿ ಕರು, ಅಟ್ಟದಲ್ಲಿ ಬೆಕ್ಕು, ಜಗಲಿಯ ಕೆಳಗೆ ನಾಯಿ. ಯಾರೂ ಆರಿಸಿ ತಂದದ್ದಲ್ಲ, ಹಣ ಕೊಟ್ಟದ್ದಂತೂ ಅಲ್ಲವೇ ಅಲ್ಲ. ಹಾಲಿಗೆ ಹಸು, ಇಲಿಗೆ ಬೆಕ್ಕು, ಕಳ್ಳನಿಗೆ ನಾಯಿ ಎಂದು ಒಂದೊಂದಕ್ಕೂ ಕೆಲಸವಿತ್ತು. ಮಕ್ಕಳ ಆಟ ಅದರ ಜತೆಗೆ ಬಂದ ಲಾಭ. ವಿನೋದಕ್ಕೆಂದೇ ಪ್ರಾಣಿಗಳನ್ನು ಆರಿಸಿ ಸಾಕುವುದು ಅರಮನೆಯ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕೋಳಿ, ಲಾವಕ್ಕಿ, ಟಗರು, ಪಾರಿವಾಳ, ನಾಯಿ, ಗಿಡುಗಗಳ ವಿನೋದಗಳಿಗೆ ಬೇರೆ ಬೇರೆ ಭಾಗಗಳೇ ಇವೆ. ಆದರೆ ಅಲ್ಲಿ ಕಾದಾಟವುಂಟು, ಬೇಟೆಯುಂಟು, ಪಂದ್ಯವುಂಟು. ಮಡಿಲಲ್ಲಿ ಪ್ರಾಣಿಯನ್ನಿಟ್ಟುಕೊಂಡ ಮಗುವಿಲ್ಲ. ಮಗುವಿಗಾಗಿ ಅಂಗಡಿಯಿಂದ ಒಂದು ಜೀವವನ್ನು ಕೊಂಡು ತರುವುದು ಪೇಟೆಯ ಬದುಕಿನ ಜತೆಗೆ ಬೆಳೆದ ಪದ್ಧತಿ.

ನಮ್ಮ ದೇಶದಲ್ಲಿ ಸಾಮಾನ್ಯರ ಮನೆಗೂ ಅರಮನೆಗೂ ಸಮಾನವಾಗಿ ಒಗ್ಗಿದ ಪ್ರಾಣಿಯೆಂದರೆ ಗಿಳಿಯೊಂದೇ. ಕ್ರಿಸ್ತಪೂರ್ವ 400ರ ಸುಮಾರಿಗೆ ಪರ್ಷಿಯದ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕನು ಭಾರತದ ವಿಷಯವಾಗಿ ಬರೆದ ಗ್ರಂಥದಲ್ಲಿ ಮನುಷ್ಯರಂತೆ ಮಾತಾಡುವ ಹಕ್ಕಿಯ ವರ್ಣನೆಯಿದೆ. ಅದು ಭಾರತದ ಭಾಷೆಯನ್ನಾಡುತ್ತದೆ, ಗ್ರೀಕ್ ಕಲಿಸಿದರೆ ಅದನ್ನೂ ಆಡುತ್ತದೆ ಎನ್ನುತ್ತಾನೆ ಅವನು. (ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನು ನೋಡಿದ್ದರೆ ಅವನಿಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲವೇನೋ.) ರೆಕ್ಕೆಯ ಮೇಲೆ ಕೆಂಪು ಪಟ್ಟಿಯಿರುವ ನಮ್ಮ ದೊಡ್ಡ ಜಾತಿಯ ಗಿಳಿಗೆ ಪಾಶ್ಚಾತ್ಯರು ಅಲೆಗ್ಸಾಂಡರನ ಹೆಸರನ್ನೇ ಇಟ್ಟಿದ್ದಾರೆ.

ಗಿಳಿಯನ್ನು ಹಿಡಿಯುವ ಬಗೆ ಹೇಗೆಂಬುದನ್ನು ತಿಳಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಬಾಣಭಟ್ಟನ 'ಕಾದಂಬರಿ'ಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ನಾಗವರ್ಮನು ಕನ್ನಡಕ್ಕೆ ಚಂಪೂರೂಪದಲ್ಲಿ ತಂದನಷ್ಟೆ. ಆ ಕಥೆ ಆರಂಭವಾಗುವುದೇ ಪಂಜರದಲ್ಲಿ. ಶೂದ್ರಕ ರಾಜನ ಸಭೆಗೆ ತಂದ ವೈಶಂಪಾಯನನೆಂಬ ಗಿಳಿ ತನ್ನ ವೃತ್ತಾಂತವನ್ನು ತಾನೇ ಹೇಳುತ್ತದೆ. ಪಂಪಾಸರೋವರದ ಹತ್ತಿರ ಬೂರುಗದ ಮುದಿಮರವೊಂದರ ಪೊಟರೆಯಲ್ಲಿ ಅದು ಹುಟ್ಟಿದ್ದು. ಒಂದು ದಿನ ಬೇಟೆಯ ಗದ್ದಲವೆಲ್ಲ ಮುಗಿದ ಮೇಲೆ ಮುದಿ ಶಬರನೊಬ್ಬ ಮರವನ್ನೇರಿ, ಪೊಟರೆ ಪೊಟರೆಗೂ ಕೈಹಾಕಿ, ಇನ್ನೂ ಹಾರಲಾರದ ಮರಿಗಳನ್ನು ಹಣ್ಣು ಕಿತ್ತಂತೆ ಕಿತ್ತು ಕೊಂದು ಕೆಳಗೆಸೆಯುತ್ತಾನೆ. ಮರಿಯನ್ನು ರೆಕ್ಕೆಯಡಿ ಮುಚ್ಚಿಟ್ಟುಕೊಂಡ ಮುದಿತಂದೆಯೂ ಸಾಯುತ್ತದೆ. ತಂದೆಯ ದೇಹದೊಡನೆ ಕೆಳಗೆ ಬಿದ್ದ ಮರಿ ತರಗೆಲೆಯ ರಾಶಿಯಿಂದಾಗಿ ಬದುಕಿಕೊಳ್ಳುತ್ತದೆ. ಗಿಳಿಯ ಬಾಯಿಂದಲೇ ಈ ವೃತ್ತಾಂತವನ್ನು ಹೇಳಿಸಿದ ಕವಿ ಪೊಟರೆಗೆ ಕೈಹಾಕುವುದನ್ನು ಕಣ್ಣಾರೆ ಕಂಡಿರಬೇಕೆಂದು ನಮಗೆ ತೋರುತ್ತದೆ.

ಶಬರನು ಕೊಲ್ಲಲು ಕೈಹಾಕಿದ, ವ್ಯಾಪಾರಿ ಮಾರಲು ಕೈಹಾಕುತ್ತಾನೆ. ಪೊಟರೆ ಮಾತ್ರ ಅದೇ. ಗಿಳಿಯನ್ನು ಮನೆಯಲ್ಲಿ ಮರಿಮಾಡಿಸಿ ಮಾರುವ ಕ್ರಮ ನಮ್ಮಲ್ಲಿ ಬೆಳೆಯಲೇ ಇಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಮರದ ಪೊಟರೆಗಳಿಂದ ಮರಿಗಳನ್ನು ಕಿತ್ತು, ಬುಟ್ಟಿಗಳಲ್ಲಿ ತುರುಕಿ, ರೈಲಿನಲ್ಲಿ ಪೇಟೆಗಳಿಗೆ ಸಾಗಿಸುವುದೇ ಆ ವ್ಯಾಪಾರ. ದಾರಿಯಲ್ಲಿ ಸತ್ತವುಗಳ ಲೆಕ್ಕ ಗಿರಾಕಿಗೆ ಕಾಣುವುದಿಲ್ಲ, ಬದುಕಿದ್ದು ಮಾತ್ರ ಕಾಣುತ್ತದೆ.

ನಮ್ಮ ಮನೆಯಲ್ಲೂ ಒಂದು ಗಿಳಿಯಿತ್ತು. 1980ರ ದಶಕದ ಕೊನೆಯ ಮಾತು, ನಾವಿನ್ನೂ ಚಾಳಿನಲ್ಲಿದ್ದ ಕಾಲ. ಬುಟ್ಟಿ ಹೊತ್ತು ಬಾಗಿಲಿಗೆ ಬಂದವನಿಂದ ಅಪ್ಪ ಕೊಂಡದ್ದು. ಅದಕ್ಕೆ ಅಜ್ಜಿ 'ರಾಮ ರಾಮ' ಕಲಿಸಲು ನೋಡಿದರು. ಅದು ಕಲಿತದ್ದು ಕುಕ್ಕರಿನ ಸೀಟಿಯನ್ನು. ಅಂಗೈಯಗಲದ ತಂತಿಗೂಡಿನಲ್ಲಿ ತಿರುಗಲು ಎಡೆಯಿಲ್ಲದೆ ಅದು ತನ್ನ ಎದೆಯ ಗರಿಗಳನ್ನು ತಾನೇ ಕೀಳತೊಡಗಿತು. ಕೈಯಿಟ್ಟರೆ ಕಚ್ಚುತ್ತಿತ್ತು, ತಮ್ಮನ ಬೆರಳಿನ ಗುರುತು ಈಗಲೂ ಇದೆ. ಕೊನೆಗೊಂದು ಭಾನುವಾರ ಅಪ್ಪನಿಗೆ ಕನಿಕರ ಬಂದು ಗೂಡಿನ ಬಾಗಿಲು ತೆರೆದು ಕಟಕಟೆಯ ಮೇಲೆ ಬಿಟ್ಟರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದೆವು. ರೆಕ್ಕೆಯ ಗರಿಗಳನ್ನು ಮಾರಿದವನೇ ಕತ್ತರಿಸಿದ್ದನೆಂಬುದು ನಮಗಾರಿಗೂ ಹೊಳೆಯಲಿಲ್ಲ. ಅದು ಎರಡು ಮಾರು ಹೋಗಿ ಅಂಗಳಕ್ಕೆ ಬಿತ್ತು. ನಾವು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಕಾಗೆಗಳು ಬಂದಿದ್ದವು.

ಅದಾದ ಸ್ವಲ್ಪ ಕಾಲಕ್ಕೇ ಕಾನೂನು ಬದಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರದೇ ಆದರೂ ನಮ್ಮ ದೇಶದ ಹಕ್ಕಿಗಳ ವ್ಯಾಪಾರ ಪೂರ್ತಿಯಾಗಿ ನಿಷಿದ್ಧವಾದದ್ದು 1990–91ರಲ್ಲಿ. ಈಗ ಗಿಳಿಯನ್ನಾಗಲಿ, ಗೊರವಂಕವನ್ನಾಗಲಿ, ಮುನಿಯವನ್ನಾಗಲಿ ಕೊಳ್ಳುವುದು, ಮಾರುವುದು, ಹಿಡಿದಿಡುವುದು ಅಪರಾಧ. ಗಿಳಿಶಾಸ್ತ್ರದವರ ಗಿಳಿಗೂ ಇದರಿಂದ ವಿನಾಯಿತಿಯಿಲ್ಲ. ಹೀಗಿದ್ದೂ ಕದ್ದುಮುಚ್ಚಿ ಮಾರುವವರು ಇದ್ದೇ ಇದ್ದಾರೆ. ಪುಟ್ಟ ಮುನಿಯ ಹಕ್ಕಿಗಳಿಗೆ ಬಣ್ಣ ಹಚ್ಚಿ ವಿದೇಶದ್ದೆಂದು ಮಾರುವುದೂ ಉಂಟು. ಈ ಮುನಿಯಗಳ ವ್ಯಾಪಾರ ಎಷ್ಟು ಹಳೆಯದೆಂದರೆ, ಕೆಂಪು ಮುನಿಯಕ್ಕೆ ಇಂಗ್ಲಿಷಿನಲ್ಲಿರುವ 'ಅವಡವಟ್' ಎಂಬ ಹೆಸರು ಅಹಮದಾಬಾದಿನ ಅಪಭ್ರಂಶ. ಅಲ್ಲಿಂದ ಅವು ಹಡಗೇರಿ ಹೋಗುತ್ತಿದ್ದವು.

ಮುಂಬಯಿಯವರಿಗೆ ಸಾಕುಪ್ರಾಣಿಯೆಂದೊಡನೆ ನೆನಪಾಗುವುದು ಕ್ರಾಫರ್ಡ್ ಮಾರ್ಕೆಟ್. 1869ರಲ್ಲಿ ಮುಗಿದ ಈ ಕಟ್ಟಡಕ್ಕೆ ನಕ್ಷೆ ವಿಲಿಯಂ ಎಮರ್ಸನ್ನನದು, ಬಾಗಿಲ ಮೇಲಿನ ಶಿಲ್ಪಗಳು ಲಾಕ್‌ವುಡ್ ಕಿಪ್ಲಿಂಗ್‌ನವು. ಅವನು ಬರಹಗಾರ ರಡ್ಯರ್ಡ್ ಕಿಪ್ಲಿಂಗನ ತಂದೆ. ನಮ್ಮ ಜನರೂ ಪ್ರಾಣಿಗಳೂ ಬಾಳುವ ರೀತಿಯನ್ನು ಕುರಿತು 1891ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದವನು. ಹಣ್ಣು ತರಕಾರಿಗಳ ಸಾಲು ದಾಟಿ ಹೋದರೆ ಪ್ರಾಣಿಪಕ್ಷಿಗಳ ಮಳಿಗೆಗಳು. ಹೈದರಾಬಾದು, ಚೆನ್ನೈ, ದೆಹಲಿಯ ವಾಚಕರಿಗೂ ಅವರವರ ಊರಿನ ಇಂಥದೊಂದು ಓಣಿ ಗೊತ್ತಿದ್ದೇ ಇರುತ್ತದೆ. ಅಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ನೀಲಿ, ಹಳದಿ, ಹಸುರು ಬಣ್ಣದ ಚಿಕ್ಕ ಹಕ್ಕಿಗಳಲ್ಲಿ ಬಹುಪಾಲು ಲವ್ ಬರ್ಡ್ಸ್ ಅಲ್ಲ. ನಿಜವಾದ ಲವ್ ಬರ್ಡ್ಸ್ ಆಫ್ರಿಕದವು. ಇವು ಆಸ್ಟ್ರೇಲಿಯದ ಬಡ್ಜರಿಗಾರ್.

ಬಡ್ಜರಿಗಾರಿನ ಚರಿತ್ರೆ ಚಿಕ್ಕದು. ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ 1840ರಲ್ಲಿ ಇವನ್ನು ಜೀವಸಹಿತ ಇಂಗ್ಲೆಂಡಿಗೆ ಒಯ್ದ. ಒಂದೆರಡು ದಶಕಗಳಲ್ಲೇ ಯೂರೋಪಿನವರು ಪಂಜರದಲ್ಲೇ ಇವನ್ನು ಮರಿಮಾಡಿಸಲು ಕಲಿತರು. ಕಾಡಿನಲ್ಲಿ ಹಸುರಾಗಿದ್ದ ಹಕ್ಕಿ 1880ರ ಸುಮಾರಿಗೆ ಬೆಲ್ಜಿಯಂನಲ್ಲಿ ನೀಲಿಯಾಗಿಯೂ ಹುಟ್ಟಿತು. 1894ರಲ್ಲಿ ಆಸ್ಟ್ರೇಲಿಯ ಜೀವಂತ ಹಕ್ಕಿಗಳ ರಫ್ತನ್ನು ನಿಲ್ಲಿಸಿದಾಗಲೂ ಈ ವ್ಯಾಪಾರ ನಿಲ್ಲಲಿಲ್ಲ, ಏಕೆಂದರೆ ಆ ವೇಳೆಗೆ ಕಾಡಿನಿಂದ ಹಿಡಿದು ತರುವ ಅಗತ್ಯವೇ ಉಳಿದಿರಲಿಲ್ಲ. ನಮ್ಮ ಗಿಳಿಗೂ ಇದಕ್ಕೂ ಇರುವ ಅಂತರ ಇಲ್ಲಿದೆ. ಇದರ ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲರೂ ಮನುಷ್ಯನ ಮನೆಯಲ್ಲೇ ಹುಟ್ಟಿದವರು.

ಹಾಗೆಂದು ಕಣ್ಣು ಮುಚ್ಚಿ ತರುವಂತಿಲ್ಲ. ಗುಂಪಿನಲ್ಲಿ ಬಾಳುವ ಈ ಹಕ್ಕಿಗೆ ಒಂಟಿತನ ಆಗದು. ಹಾರಾಡಲು ಅಡ್ಡಗಲವಿರುವ ಗೂಡು ಬೇಕು. ಇನ್ನೊಂದು ಮಾತೂ ಉಂಟು. 1929–30ರಲ್ಲಿ ಗಿಳಿಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಹರಡುವ ಶ್ವಾಸಕೋಶದ ಜ್ವರವೊಂದು ಯೂರೋಪು, ಅಮೆರಿಕಗಳಲ್ಲಿ ದೊಡ್ಡ ಗಾಬರಿಯನ್ನೆಬ್ಬಿಸಿತು, ಗಿಳಿಗಳ ಆಮದನ್ನು ಹಲವು ದೇಶಗಳು ತಡೆದವು. ಸಿಟಕೋಸಿಸ್ ಎಂಬ ಆ ಜ್ವರಕ್ಕೆ ಈಗ ಒಳ್ಳೆಯ ಔಷಧವಿದೆ, ಆದರೆ ಒಣಗಿದ ಹಿಕ್ಕೆಯ ಧೂಳು ಈಗಲೂ ಧೂಳೇ. ಮನೆಯಲ್ಲಿ ಉಬ್ಬಸದ ಮಗುವಿದ್ದರೆ, ಅಥವಾ ಕೋಣೆಯೊಂದೇ ಇದ್ದು ಅದರಲ್ಲೇ ಎಲ್ಲರೂ ಮಲಗುವುದಾದರೆ, ಹಕ್ಕಿಯ ಯೋಚನೆ ಬಿಡುವುದು ಒಳಿತು. ನಮ್ಮದು ಆ ಮೊದಲನೆಯ ಬಗೆಯ ಮನೆ. ಅಲ್ಲಿಗೆ ಹಕ್ಕಿಯ ಪ್ರಕರಣ ಮುಗಿಯಿತು.

ಮೀನಿನ ಮಾತಿಗೆ ಬರೋಣ. 1951ರಲ್ಲಿ ಮರೀನ್ ಡ್ರೈವಿನಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ತೆರೆದ ಮೇಲೆ ರಜೆಗೆ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ಯದ ಮುಂಬಯಿ ಕನ್ನಡಿಗರು ಕಡಿಮೆ. ಅಲ್ಲಿಂದ ಬಂದ ಮಗು ಹೊನ್ನಮೀನು ಬೇಕೆಂದು ಹಟ ಹಿಡಿಯುವುದೂ ಸಹಜವೇ ಆಗಿತ್ತು. ಹೊನ್ನಮೀನು ಚೀನೀಯರ ಕೈಗೆಲಸ. ಕೊಳದಲ್ಲಿದ್ದ ಮಂಕುಬಣ್ಣದ ಮೀನಿನಲ್ಲಿ ಅಪರೂಪಕ್ಕೊಮ್ಮೆ ಹುಟ್ಟುವ ಕೆಂಪು ಹಳದಿಯ ಮರಿಗಳನ್ನು ಪ್ರತ್ಯೇಕಿಸಿ, ಸಾಂಗ್ ರಾಜವಂಶದ ಕಾಲದಿಂದ ತಲೆತಲಾಂತರ ಬೆಳೆಸಿ ಇವನ್ನು ರೂಪಿಸಿದರು. ಹದಿನೇಳನೆಯ ಶತಮಾನದಲ್ಲಿ ಇವು ಯೂರೋಪು ತಲುಪಿದವು. ಚೀನೀಯರು ಕೊಳದಲ್ಲೂ ದೊಡ್ಡ ಹರವಿಗಳಲ್ಲೂ ಸಾಕಿದ್ದನ್ನು ಮುಂದಿನವರು ಗಾಜಿನ ಬೋಗುಣಿಗೆ ಹಾಕಿದರು. ತಪ್ಪು ನಡೆದದ್ದು ಅಲ್ಲಿ. ಹೊನ್ನಮೀನು ಗೇಣುದ್ದ ಬೆಳೆಯುವ ಪ್ರಾಣಿ. ಅದರ ಹೊಲಸಿನಿಂದ ಹುಟ್ಟುವ ಅಮೋನಿಯ ಬೋಗುಣಿಯ ನೀರನ್ನು ಎರಡು ದಿನದಲ್ಲಿ ವಿಷವಾಗಿಸುತ್ತದೆ. ಹತ್ತು ವರ್ಷಕ್ಕೂ ಮಿಕ್ಕಿ ಬಾಳಬಲ್ಲ ಮೀನು ನಮ್ಮ ಮನೆಗಳಲ್ಲಿ ಹತ್ತು ದಿನ ಬಾಳುವುದಿಲ್ಲ. ಮೀನೇ ನಾಜೂಕು ಎಂದು ನಾವು ಅದರ ಮೇಲೆ ತಪ್ಪು ಹೊರಿಸುತ್ತೇವೆ.

ಗಪ್ಪಿ ಮೀನಿನ ಕಥೆ ಇದಕ್ಕಿಂತ ಸರಳ. ಟ್ರಿನಿಡಾಡಿನ ಕಡೆಯ ಈ ಮೀನನ್ನು ನಮ್ಮ ದೇಶಕ್ಕೆ 1908ರಲ್ಲಿ ತಂದದ್ದು ಚಂದಕ್ಕಲ್ಲ, ಸೊಳ್ಳೆಯ ಮರಿಗಳನ್ನು ತಿನ್ನಲೆಂದು. ಕರ್ನಾಟಕದ ಹಳ್ಳಿಗಳಲ್ಲೂ ಮಲೇರಿಯಾ ತಡೆಗಾಗಿ ಬಾವಿಗಳಿಗೆ ಇದನ್ನು ಬಿಟ್ಟದ್ದುಂಟು. ಗಟ್ಟಿ ಜೀವ, ಸಣ್ಣ ತೊಟ್ಟಿ ಸಾಕು, ಮರಿಗಳನ್ನೇ ಹಾಕುವುದರಿಂದ ಮಕ್ಕಳಿಗೆ ನೋಡಲು ವಿಷಯವೂ ಇದೆ. ಮಿಕ್ಕ ಮರಿಗಳನ್ನು ಕೆರೆಗೆ ಮಾತ್ರ ಬಿಡಬಾರದು. ಅಲ್ಲಿನ ಮೂಲ ಮೀನುಗಳಿಗೆ ಇದು ಕಂಟಕ. ಮೂರು ನಾಲ್ಕು ವರ್ಷದ ಮಗುವಿರುವ ಮನೆಗೆ ನಮ್ಮನ್ನು ಕೇಳಿದರೆ ಗಪ್ಪಿಯನ್ನೇ ಹೇಳುತ್ತೇವೆ, ಏಕೆಂದರೆ ಆ ವಯಸ್ಸಿನ ಕೈಗೆ ಸಿಗದಿರುವುದೇ ಆ ಪ್ರಾಣಿಯ ಕ್ಷೇಮ.

ಆದರೆ ಏಳು ವರ್ಷದ ಮಗಳಿಗೆ ಮುಟ್ಟಬಹುದಾದದ್ದೇ ಬೇಕಿತ್ತು. ಸಹಪಾಠಿಯೊಬ್ಬಳ ಮನೆಯಲ್ಲಿ ಹ್ಯಾಮ್‌ಸ್ಟರ್ ಇದೆಯೆಂದು ಅದನ್ನೇ ಕೇಳಿದಳು. ಮುಷ್ಟಿಯಲ್ಲಿ ಅಡಗುವ, ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಳ್ಳುವ ಈ ಚಿನ್ನದ ಬಣ್ಣದ ಪ್ರಾಣಿಯ ಚರಿತ್ರೆ ವಿಚಿತ್ರವಾದದ್ದು, ನಮ್ಮ ದೇಶದ ರೋಗವೊಂದಕ್ಕೆ ತಳಕು ಹಾಕಿಕೊಂಡದ್ದು.

ಬಂಗಾಳ, ಅಸ್ಸಾಂ, ಬಿಹಾರಗಳಲ್ಲಿ ಊರೂರನ್ನೇ ಬರಿದುಮಾಡಿದ ಕಾಲಾ ಆಜಾರ್ ಎಂಬ ಜ್ವರಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1903ರಲ್ಲಿ ಪ್ರಕಟಪಡಿಸಿದವರು ಇಬ್ಬರು: ಲೀಶ್‌ಮನ್ ಮತ್ತು ಮದರಾಸಿನಲ್ಲಿದ್ದ ಡೊನೊವನ್. ಇಬ್ಬರ ಹೆಸರೂ ಆ ಜೀವಿಗೆ ನಿಂತಿದೆ. ಮುಂದೆ ಈ ರೋಗದ ಸಂಶೋಧನೆಗೆ ಹ್ಯಾಮ್‌ಸ್ಟರ್ ಜಾತಿಯ ಪ್ರಾಣಿ ಅನುಕೂಲವೆಂದು ಕಂಡುಬಂತು. ಜೆರೂಸಲೇಮಿನಲ್ಲಿ ಇದೇ ಕೆಲಸದಲ್ಲಿದ್ದ ಸಾಲ್ ಆಡ್ಲರ್ ಎಂಬ ವಿಜ್ಞಾನಿಗೆ ಚೀನದಿಂದ ತರಿಸಿದ ಹ್ಯಾಮ್‌ಸ್ಟರ್‌ಗಳು ಅಲ್ಲಿ ಮರಿಹಾಕದೆ ತೊಂದರೆಯಾಯಿತು. ಹತ್ತಿರದಲ್ಲೇ ಸಿಗುವಂಥದು ಬೇಕೆಂದು 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯದ ಅಲೆಪ್ಪೊ ಪಟ್ಟಣದ ಕಡೆಗೆ ಹೋದ. ಹೊಲವೊಂದನ್ನು ಎಂಟು ಅಡಿ ಆಳ ಅಗೆಸಿದಾಗ ಬಿಲದಲ್ಲಿ ತಾಯಿಯೂ ಹನ್ನೊಂದು ಮರಿಗಳೂ ಸಿಕ್ಕವು. ಪೆಟ್ಟಿಗೆಗೆ ಹಾಕಿದೊಡನೆ ತಾಯಿ ಒಂದು ಮರಿಯನ್ನು ಕೊಂದಿತು, ಉಳಿದವನ್ನು ಕಾಪಾಡಲು ತಾಯಿಯನ್ನೇ ಕೊಲ್ಲಬೇಕಾಯಿತು. ಜೆರೂಸಲೇಮಿಗೆ ತಂದ ಮೇಲೆ ಕೆಲವು ತಪ್ಪಿಸಿಕೊಂಡವು. ಕೊನೆಗೆ ಉಳಿದದ್ದು ಬೆರಳೆಣಿಕೆಯಷ್ಟು. ಅವುಗಳ ಸಂತಾನ 1931ರಲ್ಲಿ ಇಂಗ್ಲೆಂಡಿಗೆ ಹೋಯಿತು. ಇಂದು ಜಗತ್ತಿನ ಅಂಗಡಿಗಳಲ್ಲಿರುವ ಚಿನ್ನದ ಬಣ್ಣದ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ಬಿಲದವು.

ಈ ಕಥೆಯನ್ನು ಗಮನವಿಟ್ಟು ಓದಿದವರಿಗೆ ಹ್ಯಾಮ್‌ಸ್ಟರಿನ ಸ್ವಭಾವವೂ ತಿಳಿಯುತ್ತದೆ. ಅದು ಬಿಲದ ಪ್ರಾಣಿ, ಒಂಟಿ ಪ್ರಾಣಿ, ರಾತ್ರಿಯ ಪ್ರಾಣಿ. ಎರಡನ್ನು ಒಟ್ಟಿಗಿಟ್ಟರೆ ಕಾದಾಡಿ ಸಾಯುತ್ತವೆ. ಮಗು ಶಾಲೆಯಿಂದ ಬರುವ ಹೊತ್ತಿಗೆ ಅದಕ್ಕೆ ನಡುರಾತ್ರಿ, ಎಬ್ಬಿಸಿದರೆ ಕಚ್ಚುತ್ತದೆ. ಮಗು ಮಲಗಿದ ಮೇಲೆ ಅದು ಗಾಲಿ ತುಳಿಯಲು ಆರಂಭಿಸುತ್ತದೆ, ನಿದ್ದೆ ಕೆಡುವುದು ಹಿರಿಯರದು. ಎರಡು ಎರಡೂವರೆ ವರ್ಷಕ್ಕೆ ಅದರ ಆಯುಸ್ಸೂ ಮುಗಿಯಿತು. ಮನುಷ್ಯನ ಜತೆ ಅದರ ಒಡನಾಟಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ ಎಂಬುದನ್ನು ಮರೆಯದಿದ್ದರೆ ಅದರ ಮೇಲೆ ಕೋಪ ಬರುವುದಿಲ್ಲ.

ಇನ್ನು ಗಿನಿಯಿಲಿ. ಇಂಗ್ಲಿಷಿನವರು ಇದನ್ನು ಗಿನಿಹಂದಿ ಎನ್ನುತ್ತಾರೆ. ಇದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ಕನ್ನಡದಲ್ಲಿ ಇಲಿ ಎಂದವರು ಕುಲವನ್ನಾದರೂ ಹತ್ತಿರ ಹತ್ತಿರ ಸರಿಯಾಗಿ ಹಿಡಿದರು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ, ಈಗಿನ ಪೆರು, ಬೊಲಿವಿಯಗಳ ಕಡೆ, ಹಲವು ಸಾವಿರ ವರ್ಷಗಳ ಹಿಂದೆಯೇ ಜನ ಇದನ್ನು ಪಳಗಿಸಿದರು. ಅಲ್ಲಿ ಇದರ ಹೆಸರು ಕೂಯಿ; ಅದರ ಕೂಗೇ ಅದರ ಹೆಸರು. ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಬೆಚ್ಚಗೆಯಲ್ಲಿ, ತರಕಾರಿಯ ಸಿಪ್ಪೆ ತಿಂದುಕೊಂಡು ಬೆಳೆಯುವ ಪ್ರಾಣಿ. ಸಾಕುತ್ತಿದ್ದದ್ದು ಮಾಂಸಕ್ಕೆ, ದೇವರ ಬಲಿಗೆ, ನಾಟಿವೈದ್ಯಕ್ಕೆ. ಕುಸ್ಕೊ ನಗರದ ಇಗರ್ಜಿಯಲ್ಲಿ ಹದಿನೆಂಟನೆಯ ಶತಮಾನದ ಒಂದು ಚಿತ್ರವಿದೆ. ಯೇಸುಕ್ರಿಸ್ತನ ಕಡೆಯ ಊಟದ ಆ ಚಿತ್ರದಲ್ಲಿ ತಟ್ಟೆಯಲ್ಲಿ ಮಲಗಿರುವುದು ಇದೇ ಕೂಯಿ ಎಂದು ಅಲ್ಲಿನವರ ಮಾತು. ಶಾಕಾಹಾರಿ ವಾಚಕರು ಕ್ಷಮಿಸಬೇಕು. ಪಳಗಿದ ಪ್ರಾಣಿಗಳ ಚರಿತ್ರೆ ಬಹುಮಟ್ಟಿಗೆ ಹೊಟ್ಟೆಯ ಚರಿತ್ರೆಯೇ.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗುಗಳಲ್ಲಿ ಗಿನಿಯಿಲಿ ಯೂರೋಪಿಗೆ ಬಂತು. ಅಲ್ಲಿ ತಿನ್ನುವವರಿರಲಿಲ್ಲ, ಆಡಿಸುವವರಿದ್ದರು. 1580ರ ಸುಮಾರಿನ ಇಂಗ್ಲೆಂಡಿನ ಚಿತ್ರವೊಂದರಲ್ಲಿ ಮೂವರು ಮಕ್ಕಳು ನಿಂತಿದ್ದಾರೆ. ಅವರು ಯಾರ ಮಕ್ಕಳೆಂಬುದು ಗೊತ್ತಾಗಿಲ್ಲ. ನಡುವಿನ ಹುಡುಗಿಯ ಕೈಯಲ್ಲಿ ಬಿಳಿ ಕಂದು ಬಣ್ಣದ ಗಿನಿಯಿಲಿಯಿದೆ, ಕಚ್ಚದೆ ಕೊಸರದೆ ಕುಳಿತಿದೆ. ಪುಟ್ಟ ಪ್ರಾಣಿಯೊಂದು ಮಗುವಿನ ಒಡನಾಡಿಯಾಗಿ ಚರಿತ್ರೆಯಲ್ಲಿ ಕಾಣಿಸಿಕೊಂಡದ್ದಕ್ಕೆ ಇಷ್ಟು ಸ್ಪಷ್ಟವಾದ ಹಳೆಯ ಸಾಕ್ಷಿ ನಮಗೆ ಬೇರೆ ಸಿಗಲಿಲ್ಲ.

ಇದೇ ಸೌಮ್ಯಗುಣ ಅದಕ್ಕೆ ಮುಳುವಾಯಿತು. 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಗಿನಿಯಿಲಿಯನ್ನು ಮಂಜುಗಡ್ಡೆ ತುಂಬಿದ ಉಪಕರಣದೊಳಗಿಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ಅಳೆದ. ಉಸಿರಾಟವೂ ಒಂದು ಬಗೆಯ ದಹನವೇ ಎಂದು ತೋರಿಸಿದ. ಮುಂದೆ ಕ್ಷಯ, ಗಂಟಲಮಾರಿಗಳ ಸಂಶೋಧನೆಯೆಲ್ಲ ಇದರ ಮೇಲೆ ನಡೆಯಿತು. ಪ್ರಯೋಗಪಶು ಎಂದು ನಾವು ಕನ್ನಡದಲ್ಲಿ ಹೇಳುವ ಕಡೆ ಇಂಗ್ಲಿಷಿನವರು ಇದರ ಹೆಸರನ್ನೇ ಹೇಳುವುದು ಹೀಗೆ. ಮುಂಬಯಿಯಲ್ಲೂ ಇಂಥ ಋಣವಿದೆ, ಅದು ಮೊಲಗಳದು: ಪ್ಲೇಗಿನ ಕಾಲದಲ್ಲಿ ಹಾಫ್‌ಕಿನ್ ತನ್ನ ಲಸಿಕೆಯನ್ನು ಮೊದಲು ಮೊಲಗಳಿಗೆ ಹಾಕಿ ನೋಡಿ, 1897ರ ಜನವರಿ 10ರಂದು ತನಗೇ ಚುಚ್ಚಿಕೊಂಡ. ಪರೇಲಿನ ಸಂಸ್ಥೆಗೆ ಅವನ ಹೆಸರಿದೆ.

ಮೊಲದ ಹೆಸರು ಬಂದದ್ದರಿಂದ ಹೇಳುತ್ತೇವೆ: ಮೊಲ ಮುದ್ದಾಗಿದೆ, ಆದರೆ ಎತ್ತಿಕೊಂಡರೆ ಹಿಂಗಾಲಿನಿಂದ ಒದೆಯುತ್ತದೆ, ಆ ಒದೆತದಲ್ಲಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವುದುಂಟು. ಚಿಕ್ಕ ಮಕ್ಕಳ ಮನೆಗೆ ಬೇಡ. ಆಮೆಯೂ ಬೇಡ. ಬೆನ್ನ ಮೇಲೆ ನಕ್ಷತ್ರದ ಗೆರೆಗಳಿರುವ ನಮ್ಮ ನಕ್ಷತ್ರ ಆಮೆಯನ್ನು ಸಾಕುವುದು ಅಪರಾಧ. ಕೆನ್ನೆಯ ಮೇಲೆ ಕೆಂಪು ಪಟ್ಟಿಯ ವಿದೇಶಿ ನೀರಾಮೆ ಅಂಗಡಿಯಲ್ಲಿ ರೂಪಾಯಿಯಗಲ ಇದ್ದದ್ದು ಊಟದ ತಟ್ಟೆಯಷ್ಟಾಗುತ್ತದೆ. ಮಕ್ಕಳು ಬಾಯಿಗಿಟ್ಟುಕೊಳ್ಳುವ ಈ ಪುಟ್ಟ ಆಮೆಗಳಿಂದ ಸಾಲ್ಮೊನೆಲ್ಲಾ ಎಂಬ ಹೊಟ್ಟೆಬೇನೆ ಹರಡುತ್ತದೆಂದು ಅಮೆರಿಕದವರು 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಲ್ಲಿಸಿದರು.

ಹೀಗೆ ಒಂದೊಂದಾಗಿ ಬಿಟ್ಟುಕೊಂಡು ಬಂದು ನಾವು ನಿಂತದ್ದು ಗಿನಿಯಿಲಿಯ ಮುಂದೆ. ಹಗಲು ಎಚ್ಚರವಾಗಿರುತ್ತದೆ, ಕಚ್ಚುವುದು ತೀರ ಅಪರೂಪ, ಹತ್ತಲಾರದು, ಹಾರಲಾರದು, ಸೊಪ್ಪಿನ ಸದ್ದು ಕೇಳಿದರೆ ಕೂಯಿ ಕೂಯಿ ಎಂದು ಮನೆಯನ್ನೆಲ್ಲ ಕರೆಯುತ್ತದೆ. ಐದಾರು ವರ್ಷ ಬಾಳುತ್ತದೆ. ಆದರೆ ಅದರ ಚರಿತ್ರೆಯೇ ಅದರ ಅಗತ್ಯಗಳನ್ನೂ ಹೇಳುತ್ತದೆ. ಅದು ಹಿಂಡಿನ ಪ್ರಾಣಿ. ಸ್ವಿಟ್ಜರ್ಲೆಂಡಿನಲ್ಲಿ 2008ರ ನಿಯಮದ ಪ್ರಕಾರ ಅದನ್ನು ಒಂಟಿಯಾಗಿ ಸಾಕುವಂತಿಲ್ಲ. ಹೆಣ್ಣು ಗಂಡು ತಂದರೆ ಹತ್ತು ವಾರಕ್ಕೆ ಮರಿಗಳು, ಅವೂ ಕಣ್ಣು ತೆರೆದು, ಮೈತುಂಬ ಕೂದಲಿನೊಡನೆ ಹುಟ್ಟಿ ಓಡಾಡುವಂಥವು. ಆದ್ದರಿಂದ ಎರಡೂ ಹೆಣ್ಣಾಗಿರಲಿ. ಮನುಷ್ಯರಂತೆಯೇ ಅದರ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ. ದಿನವೂ ಹಸಿ ಸೊಪ್ಪು, ಒಂದು ತುಂಡು ದಪ್ಪಮೆಣಸಿನಕಾಯಿ, ಆಗಾಗ ಪೇರಲೆಯ ಹೋಳು ಬೇಕೇ ಬೇಕು. ಇಲ್ಲವಾದರೆ ಹಿಂದಿನ ಕಾಲದ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ಅದಕ್ಕೂ ಬರುತ್ತದೆ. ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಸವೆಸಲು ಒಣಹುಲ್ಲು ಯಾವಾಗಲೂ ಮುಂದಿರಬೇಕು. ಈರುಳ್ಳಿ, ಆಲೂಗಡ್ಡೆ ಕೂಡದು. ತಂಪುಬೆಟ್ಟದ ಪ್ರಾಣಿಯಾದ್ದರಿಂದ ಸೆಖೆ ತಡೆಯದು. ದೆಹಲಿ, ಹೈದರಾಬಾದುಗಳ ಮೇ ತಿಂಗಳಲ್ಲಿ ತಂಪಾದ ಕೋಣೆಯಿಲ್ಲದ ಮನೆಯವರು ಇದನ್ನು ತರಲೇಬಾರದೆಂದು ಸ್ಪಷ್ಟವಾಗಿ ಹೇಳುತ್ತೇವೆ. ಮುಂಬಯಿಯಲ್ಲೂ ಗೂಡನ್ನು ಬಾಲ್ಕನಿಯ ಬಿಸಿಲಿನಲ್ಲಿಡುವಂತಿಲ್ಲ.

ಎಲ್ಲಿಂದ ತರುವುದೆಂಬುದಕ್ಕೂ ಈಗ ನಿಯಮವಿದೆ. ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮೊದಲು ಎತ್ತಿದ ಮಾತಿನಿಂದ 1960ರಲ್ಲಿ ಬಂದ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ, ಮೈಯಾಡಿಸಲು ಎಡೆಯಿಲ್ಲದ ಗೂಡಿನಲ್ಲಿ ಪ್ರಾಣಿಯನ್ನಿಡುವುದೇ ಅಪರಾಧ. ಅದರಡಿ 2018ರಲ್ಲಿ ಬಂದ ನಿಯಮಗಳಂತೆ ಸಾಕುಪ್ರಾಣಿಯ ಅಂಗಡಿಗಳು ನೋಂದಣಿ ಪಡೆದಿರಬೇಕು. ಪ್ರಮಾಣಪತ್ರ ತೋರಿಸಿ ಎಂದರೆ ಮುಖ ಸಿಂಡರಿಸುವ ಅಂಗಡಿಯಿಂದ ನಾವು ಹಿಂತಿರುಗಿದೆವು. ಕೊನೆಗೆ ಸಿಕ್ಕವು ಪರಿಚಯದವರೊಬ್ಬರ ಮನೆಯಲ್ಲಿ ಲೆಕ್ಕತಪ್ಪಿ ಹುಟ್ಟಿದ ಮರಿಗಳು. ಸಂಕ್ರಾಂತಿಯ ವಾರ ಬಂದದ್ದರಿಂದ ಮಗಳು ಅವಕ್ಕೆ ಎಳ್ಳು, ಬೆಲ್ಲ ಎಂದು ಹೆಸರಿಟ್ಟಳು.

ಮೊದಲ ತಿಂಗಳೇ ಒಂದು ವಿಷಯ ನಿರ್ಧಾರವಾಯಿತು. ಗೂಡು ಒರೆಸುವುದು, ಹುಲ್ಲು ಬದಲಿಸುವುದು ದೊಡ್ಡವರ ಕೆಲಸ, ಅದನ್ನು ಮಗುವಿನ ಮೇಲೆ ಹಾಕಿ ಆಮೇಲೆ ಗದರಿಸುವುದಿಲ್ಲ. ಸೊಪ್ಪು ಹಾಕುವುದು, ನೀರು ನೋಡುವುದು ಅವಳದು. ಎತ್ತಿಕೊಳ್ಳುವುದಾದರೆ ನೆಲದ ಮೇಲೆ ಕುಳಿತೇ, ಎರಡು ಕೈಯಿಂದ. ಆಮೇಲೆ ಸಾಬೂನಿನಿಂದ ಕೈತೊಳೆಯಬೇಕು. ಮೂರು ವರ್ಷದ ಮಗ ಕೈ ಚಾಚಿದರೆ ಬೆನ್ನು ಸವರಬಹುದು, ಹಿಡಿಯುವಂತಿಲ್ಲ. ಒಮ್ಮೆ ಬೆಲ್ಲ ಊಟ ಬಿಟ್ಟು ಮೂಲೆ ಹಿಡಿದಾಗ ಹತ್ತಿರದ ವೈದ್ಯರು ನಾಯಿ ಬೆಕ್ಕು ಮಾತ್ರ ನೋಡುತ್ತೇವೆಂದರು. ಇಂಥ ಚಿಕ್ಕ ಪ್ರಾಣಿಗಳನ್ನು ನೋಡುವ ವೈದ್ಯರು ಎಲ್ಲಿದ್ದಾರೆಂದು ತರುವ ಮುನ್ನವೇ ವಿಚಾರಿಸಿಡಬೇಕೆಂದು ಅಂದು ಕಲಿತೆವು.

ಆದರೆ ನಮ್ಮಂಥ ಪರವೂರಿನವರ ನಿಜವಾದ ತೊಡಕು ಬರುವುದು ಮೇ ತಿಂಗಳಲ್ಲಿ. ರಜೆ ಬಂತೆಂದರೆ ಮನೆಗೆ ಬೀಗ ಹಾಕಿ ಊರಿಗೆ ಹೊರಡುವವರು ನಾವು. ಮೂರು ತಿಂಗಳು ಮೊದಲೇ ಟಿಕೆಟು ಕಾದಿರಿಸುವ ನಾವು, ಮನೆಯಲ್ಲಿ ಉಳಿಯುವ ಜೀವಕ್ಕೆ ಯಾರು ಎಂದು ಹೊರಡುವ ಹಿಂದಿನ ದಿನ ಯೋಚಿಸುತ್ತೇವೆ. ಬೋಗುಣಿಯ ಮೀನು, ಗೂಡಿನ ಹಕ್ಕಿ ಎಷ್ಟು ಮನೆಗಳಲ್ಲಿ ಹೀಗೆ ಸತ್ತಿವೆಯೋ. ಬಸ್ಸಿನಲ್ಲಿ ಜತೆಗೊಯ್ಯೋಣವೆಂದರೆ ಹದಿನಾರು ಗಂಟೆಯ ಸೆಖೆಯ ಪ್ರಯಾಣವನ್ನು ಗಿನಿಯಿಲಿ ತಡೆಯಲಾರದು. ನಾವು ಫೆಬ್ರುವರಿಯಲ್ಲೇ ಎದುರುಮನೆಯ ಮಾವಶಿಯನ್ನು ಕೇಳಿದೆವು. ಅವರು ಎರಡು ಭಾನುವಾರ ಬಂದು, ಕೂತು, ಎರಡನ್ನೂ ಮಡಿಲಿಗೆ ಹಾಕಿಕೊಂಡು ನೋಡಿ, ಆಮೇಲೆ ಹೂಂ ಎಂದರು. 'ಇಲ್ಲ' ಎಂದಿದ್ದರೆ ಆ ವರ್ಷ ಮನೆಯಲ್ಲಿ ಒಬ್ಬರು ಉಳಿಯಬೇಕೆಂದು ತೀರ್ಮಾನವಾಗಿತ್ತು.

ಮಗಳು ಒಂದು ಪಟ್ಟಿ ಬರೆದುಕೊಟ್ಟಳು, ಒಂದು ಮಗ್ಗುಲಿಗೆ ಮರಾಠಿ, ಇನ್ನೊಂದು ಮಗ್ಗುಲಿಗೆ ಕನ್ನಡ. ಮಾವಶಿಗೆ ಕನ್ನಡ ಬಾರದು, ಎಳ್ಳುಬೆಲ್ಲಕ್ಕೆ ಬರುತ್ತದಲ್ಲ ಎಂದು ಅವಳ ವಾದ. ಊರು ತಲುಪಿ ಕೈಕಾಲು ತೊಳೆಯುವ ಮೊದಲೇ ಫೋನು ಕೈಗೆ ತೆಗೆದುಕೊಂಡು ಕೊತ್ತಂಬರಿ ಕೊಟ್ಟಿರಾ ಎಂದು ಮರಾಠಿಯಲ್ಲಿ ಕೇಳಿದಳು. ಆ ಕಡೆಯಿಂದ ಉತ್ತರಕ್ಕೆ ಮೊದಲು ಕೂಯಿ ಕೂಯಿ ಎಂಬ ಸದ್ದು ಕೇಳಿಸಿತು. ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಏನೇ ಅದು, ಹಕ್ಕಿಯೇ?" ಎಂದರು.